ಮೇಲಿನ ಮನೆಯ ಸಮುದ್ರ

ನಾಲ್ಕನೇ ಮಹಡಿಯ ಬೊಹುನ್ಕಾ ಸಮುದ್ರ ಸಾಕುತ್ತಾಳಂತೆ.
ಮೂರನೆಯದರಲ್ಲಿ, ಅದರ ನೇರ ಕೆಳಗೆ, ನನ್ನ ಮಂಚ.

ಇನ್ನೂರು ಲೀಟರು ನೀರು, ಇಪ್ಪತ್ತು ಕಿಲೊ ಬಂಡೆ,
ಗಾಜು, ಮರಳು, ಕಬ್ಬಿಣದ ಕಾಲಿನ ಮೇಜು.
ಮೂವತ್ತೊಂದು ವರ್ಷ ಒಸ್ತ್ರಾವಾದ ಗಣಿಗಳಲ್ಲಿ
ತಲೆಯ ಮೇಲಿನ ಭಾರ ಲೆಕ್ಕ ಹಾಕಿಯೇ ಬದುಕಿದವನು ನಾನು.
ಅಳತೆಪಟ್ಟಿ ಹಿಡಿದು ಮೆಟ್ಟಿಲು ಹತ್ತಿದೆ
ಜಗಳಕ್ಕೆಂದೇ.

ಬಾಗಿಲು ತೆರೆದವಳ ಕೈ ಮೊಣಕೈವರೆಗೆ ಒದ್ದೆ.
ರಾತ್ರಿಪಾಳಿಯ ದಾದಿ; ಕಣ್ಣ ತುಂಬ ತೀರಿಸದ ನಿದ್ದೆ.
"ನಡುಮನೆಯಲ್ಲಿ ಬೇಡ, ಭಾರ ಹೊರುವ ಗೋಡೆಗೆ ಆನಿಸು" ಅಂದೆ.
"ಹಾಗಾದರೆ ಆ ಕಡೆ ಹಿಡೀರಿ" ಅಂದಳು.
ಹಿಡಿದೆ.

ನಲ್ಲಿಯ ನೀರು ಆಗದು. ಅದರಲ್ಲಿ
ನಮ್ಮ ನಾಲಿಗೆಗೆ ಸಿಗದ, ಹವಳವನ್ನು ಕೊಲ್ಲುವ ತಾಮ್ರ.
ಸೋಸಿ ಸೋಸಿ ಏನೂ ಉಳಿಯದ ನೀರಿಗೆ
ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು.
ಅವಳು ಸುರಿದಳು, ನಾನು ಕಲಕಿದೆ,
ಎಲೆಕೋಸು ಹುಳಿಯಿಡುವ ನನ್ನದೇ ಪೀಪಾಯಿಯಲ್ಲಿ.
ರಾತ್ರಿಯಿಡೀ ತಿರುಗಿತು ಪಂಪು. ಬೆಳಗ್ಗೆ ಮಾಪಕದ ಮುಳ್ಳು
ಒಂದು ದಶಾಂಶ ಸೊನ್ನೆ ಎರಡು ಐದರಲ್ಲಿ ನಿಂತು
ಸಮುದ್ರವೆಂದರೆ ಇಷ್ಟು, ಅಂದಿತು.
ಅವಳು ಕಂಡದ್ದು ಒಮ್ಮೆ, ಹನ್ನೊಂದರ ವಯಸ್ಸಲ್ಲಿ, ಬಲ್ಗೇರಿಯಾದ ದಂಡೆ.
ನಾನು ಕಂಡೇ ಇಲ್ಲ. ಮುಳ್ಳನ್ನು ನಂಬಿದೆ.

ಆಮೇಲೆ ಏನೂ ಇಲ್ಲ.
ಆರು ವಾರ, ಏನೂ ಇಲ್ಲ.
ಬಂಡೆ, ದೀಪ, ಬಿಳಿ ಮರಳು,
ಮೂಲೆಯಲ್ಲಿ ಕೊಳೆಯಲೆಂದೇ ಹಾಕಿದ ಒಂದು ಸಿಗಡಿ.
"ಮೀನು ಯಾವಾಗ?"
"ಕೊಳೆತದ್ದನ್ನು ತಿನ್ನುವವರು ಮೊದಲು ಹುಟ್ಟಲಿ."
"ಎಲ್ಲಿದ್ದಾರೆ?"
"ಬಂಡೆಯ ತೂತುಗಳಲ್ಲಿ. ಕಾಣುವುದಿಲ್ಲ."

ಅವಳು ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ ಬೀಗದ ಕೈ ನನ್ನಲ್ಲಿ.
ಗಾಜಿನ ಕೊಳವೆಗೆ ನೀರು, ಅದಕ್ಕೆ ಹನಿ, ಅಲುಗಿಸು, ಕಾಯಿ.
ಹಸಿರೆಂದರೆ ಅಮೋನಿಯ. ಅಮೋನಿಯವೆಂದರೆ ವಿಷ.
ಗಣಿಯ ದಿನಚರಿಯ ಹಾಗೆ ಚೀಟಿಯಲ್ಲಿ ಬರೆದಿಟ್ಟೆ:
ಮಂಗಳವಾರ ಹಸಿರು. ಗುರುವಾರ ಹಸಿರು. ಭಾನುವಾರ, ಹಸಿರೇ.
ನಲವತ್ತನೆಯ ದಿನ ನಿಂಬೆಸಿಪ್ಪೆಯ ಹಳದಿ.
ಆಸ್ಪತ್ರೆಗೆ ಫೋನು ಮಾಡಿದೆ.
ಯಾರು ಸತ್ತರೋ ಎಂದು ಏದುಸಿರಲ್ಲಿ ಬಂದಳು ಫೋನಿಗೆ.
"ಹಳದಿ" ಅಂದೆ.

ಫೆಬ್ರವರಿಯಲ್ಲಿ ನನ್ನ ಚಾವಣಿಯಲ್ಲೊಂದು ಒದ್ದೆ ಮಚ್ಚೆ.
ಕಟ್ಟಡದ ಸಮಿತಿ ಬಂತು, ಕತ್ತೆತ್ತಿ ನಿಂತಿತು:
"ಕೊನೆಗೂ ಸೋರಿತಲ್ಲ ನಿಮ್ಮ ಸಮುದ್ರ!"
ಸ್ಟೂಲು ಹತ್ತಿ ಸುಣ್ಣಕ್ಕೆ ನಾಲಿಗೆಯಿಟ್ಟೆ.
ಸಪ್ಪೆ.
"ಬಚ್ಚಲ ಕೊಳಾಯಿ" ಅಂದೆ, ಬಾಯಿ ಒರೆಸಿಕೊಂಡು.

ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಆವಿಯಾಗುವುದು ನೀರು ಮಾತ್ರ.
ಗಾಜಿನ ಮೇಲೊಂದು ಪೆನ್ನಿನ ಗೆರೆ;
ದಿನ ಬೆಳಗಾದರೆ ನೀರು ಅದಕ್ಕಿಂತ ಕೂದಲೆಳೆ ಕೆಳಗೆ.
ಹೊಸಬರು ಉಪ್ಪುನೀರನ್ನೇ ಮತ್ತೆ ಮತ್ತೆ ಸುರಿದು
ಎಲ್ಲವನ್ನೂ ಸಾಯಿಸುತ್ತಾರಂತೆ. ನಾವು ಹಾಗಲ್ಲ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು:
ದಿನಕ್ಕೆರಡು ಚೊಂಬು, ಸಪ್ಪೆಯದು.

ಈಗ ಎರಡು ಕಿತ್ತಳೆ ಮೀನು, ಕಂದು ಪಾಚಿ ಮೇಯುವ ಏಳು ಬಸವನಹುಳು,
ಅಂಗಿಯ ಗುಂಡಿಯಷ್ಟಗಲದ ಒಂದು ಹವಳ.
ನನ್ನ ಕೈಯ ನೆರಳಿಗೆ ಮುದುಡುತ್ತದೆ. ಅವಳದಕ್ಕೂ.

ಅವಳಿಗೆ ಹೇಳದ್ದೊಂದಿದೆ.
ಏಳುನೂರು ಮೀಟರು ಆಳದಲ್ಲಿ, ಕಲ್ಲಿದ್ದಲ ಎರಡು ಪದರಗಳ ನಡುವೆ
ಒಮ್ಮೆ ಕರಿಕಲ್ಲು ಹೋಳಾಗಿ ಒಳಗೆ ಚಿಪ್ಪು ಸಿಕ್ಕಿತ್ತು,
ಉಗುರಿನಷ್ಟು, ಗೆರೆಗೆರೆಯಾಗಿ, ಕಡಲಿನದು.
ನಿಯಮ ಮುರಿದು ಜೇಬಿಗಿಳಿಸಿದೆ.
ಅಲ್ಲೂ ಇತ್ತು ಒಂದು ಸಮುದ್ರ, ನಮ್ಮೆಲ್ಲರ ಕಾಲಡಿ.
ಗೆರೆ ನೋಡಿ ದಿನಾ ನೀರು ತುಂಬುವವರು
ಅದಕ್ಕೆ ಯಾರೂ ಇರಲಿಲ್ಲ.
ತೊಟ್ಟಿಯಲ್ಲಿಡಲೇ ಎಂದು ಕೇಳಬೇಕು. ಬೇಡ ಅಂದಾಳು,
ಮೊದಲು ಬೇರೆ ನೀರಲ್ಲಿ ಒಂದು ವಾರ ನೆನೆಸಿ, ಅಂದಾಳು.

ರಾತ್ರಿ ಚಾವಣಿಯಾಚೆ ಪಂಪು ಗುಂಯ್‌ಗುಡುತ್ತದೆ.
ಕೆಳಗೆ ಗಣಿಯಲ್ಲೂ ಗಾಳಿಯಂತ್ರದ ಸದ್ದಿಗೆ ಹೀಗೇ ತೂಕಡಿಸುತ್ತಿದ್ದೆವು;
ಅದು ನಿಂತರೆ ಮಾತ್ರ
ಎದ್ದು ಓಡುತ್ತಿದ್ದೆವು.